ಹುಚ್ಚವ್ವನ ಕೈರೊಟ್ಟಿ

ಫೋಟೋದಲ್ಲಿ ಹುಚ್ಚವ್ವನ ಕಣ್ಣು ಮುಚ್ಚಿದ್ದವು. ಆ ದಿನದ ಎಲ್ಲ ಫಜೀತಿಗೂ ಅದೇ ಮೂಲ.

ದೇವಣಗಾಂವದ ಖಂಡೆಪ್ಪನ ತಾಯಿ ಹುಚ್ಚವ್ವ ತೀರಿಕೊಂಡು ಅಂದಿಗೆ ವರ್ಷ ತುಂಬುತ್ತಿತ್ತು. ಸಂಜೆ ಮನೆಯ ಮುಂದೆ ಪೆಂಡಾಲು, ಬೀಗರು, ಊಟ. ಊಟಕ್ಕೆ ಮೊದಲು ದೊಡ್ಡ ಟಿವಿಯಲ್ಲಿ ತಾಯಿಯ ನೆನಪಿನ ಸಿ.ಡಿ. ಹಾಕಿಸಬೇಕೆಂದು ಖಂಡೆಪ್ಪ ಸಿಂದಗಿಯ ಮುರ್ತುಜಾಸಾಬರ ವಿಡಿಯೋ ಅಂಗಡಿಗೆ ಹೇಳಿ ಹೋಗಿದ್ದ. ಫೋಟೋ ಮಾತ್ರ ಕೈಗೆ ಬಂದದ್ದು ಅವತ್ತು ಬೆಳಿಗ್ಗೆ. ತಂದವರು ಅವನ ತಂಗಿ ಇಂದುಬಾಯಿ ಮತ್ತು ಅವಳ ಗಂಡ ಗುರಣ್ಣ.

“ಇದ್ದದ್ದು ಇದೊಂದ ಐತಿ ನೋಡವ್ವ. ಕ್ಯಾಮರಾದ ಲೈಟ ಫಳಕ್ ಅಂತು, ನಮ್ಮವ್ವ ಕಣ್ಣ ಮುಚ್ಚಿದ್ಲು,” ಎಂದಳು ಇಂದುಬಾಯಿ. “ನೀ ಕಂಪ್ಯೂಟರದಾಗ ತೆರಸು.”

ಹೀಗೆ ಸತ್ತವರ ಕಣ್ಣು ತೆರೆಸುವ ಹೊಣೆ ಹೊತ್ತವಳು ಪ್ರಜ್ಞಾ. ಆಲಮೇಲದ ಸಾಲಿ ಮಾಸ್ತರ ಮಲ್ಲಣ್ಣನ ಮಗಳು. ಕಂಪ್ಯೂಟರ್ ಕ್ಲಾಸು ಮುಗಿಸಿದ ಮೇಲೆ ದಿನಾ ಬಸ್ಸಿನಲ್ಲಿ ಸಿಂದಗಿಗೆ ಬಂದು ಸಾಬರ ಅಂಗಡಿಯಲ್ಲಿ ಮದುವೆ ವಿಡಿಯೋಗಳಿಗೆ ಹೆಸರು ಕೂಡಿಸುತ್ತಿದ್ದಳು. ವರನ ಹೆಸರು ಎಡದಿಂದ ಉರುಳುತ್ತ ಬರಬೇಕು, ವಧುವಿನ ಹೆಸರು ಬಲದಿಂದ ಹಾರುತ್ತ ಬರಬೇಕು, ನಡುವೆ ಎರಡೂ ಡಿಕ್ಕಿ ಹೊಡೆದು ಗುಲಾಬಿ ಹೂವಾಗಿ ಅರಳಬೇಕು. ಇಂಡಿ ಊರಿನ ಮದುವೆಗೂ ಅದೇ ಗುಲಾಬಿ, ಬಸವನ ಬಾಗೇವಾಡಿಯ ಮದುವೆಗೂ ಅದೇ ಗುಲಾಬಿ. ಮುದ್ದೇಬಿಹಾಳದ ಬೀಗರೊಬ್ಬರು ಹಳದಿ ಗುಲಾಬಿ ಬೇಕೆಂದಾಗ ಅವಳಿಗೆ ಹಬ್ಬವಾದಂತಾಗಿತ್ತು.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ತನ್ನದೇ ಒಂದು ಕೆಲಸ ಮಾಡುತ್ತಿದ್ದಳು. ಮೌಸು ಹಿಡಿದು ಎರಡು ಕೈಗಳನ್ನು ಬರೆಯುವುದು. ಮುಂದಿನ ಚಿತ್ರದಲ್ಲಿ ಆ ಕೈಗಳು ಕೂದಲೆಳೆಯಷ್ಟು ಸರಿದಿರಬೇಕು, ಅದರ ಮುಂದಿನದರಲ್ಲಿ ಇನ್ನಷ್ಟು. ಹೀಗೆ ತಿಂಗಳುಗಟ್ಟಲೆ ಬರೆದ ಚಿತ್ರಗಳನ್ನು ಒಂದರ ಬೆನ್ನಿಗೊಂದು ಓಡಿಸಿದರೆ ಕೈಗಳು ಜೀವ ತಳೆದು ಜೋಳದ ರೊಟ್ಟಿ ಬಡಿಯುತ್ತಿದ್ದವು. ಬಣ್ಣವಿಲ್ಲ, ಹೂವಿಲ್ಲ. ಬಿಳಿಯ ಮೇಲೆ ಒಂದು ಕರಿ ಗೆರೆ. ಹಿಟ್ಟಿನ ಮುದ್ದೆ ಅಂಗೈ ಕೆಳಗೆ ತಿರುಗುತ್ತ ಹಿಗ್ಗುತ್ತ ಪರದೆಯ ತುಂಬ ಆಗುತ್ತಿತ್ತು, ಹಂಚಿನ ಮೇಲೆ ಬಿದ್ದು ಉಬ್ಬುತ್ತಿತ್ತು. ಪಟ್ ಪಟ್ ಎನ್ನುವ ಸದ್ದನ್ನು ತಾಯಿ ಸಾವಿತ್ರವ್ವನ ಒಲೆಯ ಪಕ್ಕ ಕೂತು ಮೈಕಿನಲ್ಲಿ ಹಿಡಿದು ತಂದಿದ್ದಳು. ಮೊದಲ ಸಲ ಅದು ಓಡಿದ ದಿನ ಅವಳು ಅದನ್ನು ಮತ್ತೆ ಮತ್ತೆ ಓಡಿಸಿ ನೋಡಿದ್ದಳು. ಅಷ್ಟು ದಿನ ಊರವರ ಹೆಸರು ಹಾರಿಸಿದ್ದಳು. ತನ್ನ ಮಾತು ಅಂತ ಒಂದಿದ್ದರೆ ಅದು ಹೀಗಿರುತ್ತದೆ ಎಂಬುದು ಅವತ್ತು ಗೊತ್ತಾಗಿತ್ತು. ಆದರೂ ಯಾರಿಗೂ ತೋರಿಸಿರಲಿಲ್ಲ. ಗುಲಾಬಿ ಕೇಳುವವರಿಗೆ ರೊಟ್ಟಿ ತೋರಿಸುವುದು ಹೇಗೆ?

“ಕಣ್ಣ ಎಲ್ಲಿಂದ ತರೋದ್ರಿ ಅಕ್ಕಾರ?” ಎಂದು ಕೇಳಿದಳು ಪ್ರಜ್ಞಾ.

“ನನ್ನವ ತಗೋ. ಎಲ್ಲಾರೂ ನನಗ ಅವ್ವನ್ಹಂಗ ಅದೀ ಅಂತಾರ,” ಎಂದು ಇಂದುಬಾಯಿ ಕ್ಯಾಮರಾ ಮುಂದೆ ಕೂತು ಕಣ್ಣು ಅಗಲಿಸಿದಳು. ಆ ಕಣ್ಣು ಕತ್ತರಿಸಿ ಹುಚ್ಚವ್ವನ ಮುಖಕ್ಕೆ ಕೂಡಿಸಿದ್ದೇ ತಡ, ಗುರಣ್ಣ ಕೂತಲ್ಲಿಂದ ಎದ್ದು ನಿಂತ.

“ತಗೀರಿ, ತಗೀರಿ! ಇದು ನಮ್ಮತ್ತಿ ಅಲ್ಲ. ನಾ ತಡಾ ಮಾಡಿ ಮನಿಗೆ ಹೋದಾಗ ಬಾಗಲದಾಗ ನಿಂದರ್ತೈತಲ್ಲ, ಆ ಮಾರಿ ಇದು!”

ಇಂದುಬಾಯಿ ಅದೇ ಕಣ್ಣಿನಿಂದ ಗಂಡನನ್ನು ನೋಡಿದಳು. ಹೋಲಿಕೆ ಸರಿಯಾಗಿತ್ತು.

ಆಮೇಲೆ ಗುರಣ್ಣ ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯ ಕಣ್ಣು ಹಚ್ಚಿಸಿದ. ಹುಚ್ಚವ್ವ ಬಯಲಾಟಕ್ಕೆ ವೇಷ ಕಟ್ಟಿದಂತೆ ಕಂಡಳು. ಚಹಾ ತಂದ ಪಕ್ಕದ ಹೋಟೆಲಿನ ಗೌಸಬಿ ಒಂದು ಗಳಿಗೆ ನಿಂತು, “ದೀಪಾ ಇಡ್ರಿ, ಕಣ್ಣ ಕಡಿ ಯಾರೂ ನೋಡಂಗಿಲ್ಲ,” ಎಂದಳು. ದೀಪ ಬಂತು. ಅವ್ವ ಕಮಲದೊಳಗಿಂದ ಏಳಬೇಕು ಎಂದಳು ಇಂದುಬಾಯಿ. ಕಮಲ ಬಂತು. ಕಮಲ ಕೈಲಾಸದ ಕಡೆ ಹಾರಬೇಕು ಎಂದ ಗುರಣ್ಣ. ಹಾರಿತು, ಆದರೆ ಮದುವೆಯ ಗುಲಾಬಿ ಹೇಗೋ ನಡುವೆ ತೂರಿ ಹುಚ್ಚವ್ವನ ಮೂಗಿನ ಮೇಲೆ ಅರಳಿತು. ಹಿಂದೆ ನಿಂತ ಬಾಯಿಗಳು ಒಂದು ಕ್ಷಣವೂ ಸುಮ್ಮನಾಗದ ಕಾರಣ ಪ್ರಜ್ಞಾಳಿಗೆ ಮಾಡಿದ್ದನ್ನು ಉಳಿಸಿಡುವಷ್ಟು ಬಿಡುವೂ ಸಿಗಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರಿನ ಮುದಿ ಬ್ಯಾಟರಿ ಒಮ್ಮೆ ಕುಂಯ್ ಎಂದು ಪ್ರಾಣ ಬಿಟ್ಟಿತು.

“ಕರೆಂಟ ಬಂದ ಮ್ಯಾಲ ಎಲ್ಲಾ ಸರಿ ಮಾಡಿ ತಗೊಂಡ ಬರ್ರಿ,” ಎಂದು ಗಂಡಹೆಂಡಿರು ಊರ ಬಸ್ಸು ಹಿಡಿದರು. ಮುರ್ತುಜಾಸಾಬರು ಟಿವಿ ಸಾಗಿಸಲು ಜೀಪು ಹುಡುಕಿಕೊಂಡು ಹೋದರು.

ಮಧ್ಯಾಹ್ನ ಕರೆಂಟು ಬಂದಾಗ ದೀಪವಿಲ್ಲ, ಕಮಲವಿಲ್ಲ, ಕಣ್ಣೂ ಇಲ್ಲ. ಪ್ರಜ್ಞಾ ಅವಸರದಲ್ಲಿ ಸಿದ್ಧ ಕಮಲವೊಂದನ್ನು ತೆಗೆದು ಮುಚ್ಚಿದ ಕಣ್ಣಿನ ಫೋಟೋವನ್ನೇ ಅದರಲ್ಲಿ ಕೂಡಿಸಿದಳು. ಬಸ್ಸಿನಲ್ಲಿ ತೂಕಡಿಸುವ ಹೆಂಗಸನ್ನು ಯಾರೋ ಎತ್ತಿ ಹೂವಿನಲ್ಲಿ ಇಟ್ಟಂತಿತ್ತು. ಬೇಕಿದ್ದರೆ ಅದನ್ನೇ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಯಾರೂ ಬೈಯುತ್ತಿರಲಿಲ್ಲ.

ಅವಳು ಸುಮಾರು ಹೊತ್ತು ಆ ಕಮಲವನ್ನೇ ನೋಡಿದಳು. ಒಬ್ಬ ತಾಯಿ ಬದುಕಿ, ದುಡಿದು, ಸತ್ತಿದ್ದಾಳೆ. ಅವಳ ನೆನಪಿಗೆ ಈ ಪ್ಲಾಸ್ಟಿಕ್ ಹೂವೇ? ತಾಯಿ ಅಂದರೆ ಏನು ಅಂತ ಹೇಳುವ ಚಿತ್ರ ತನ್ನ ಹತ್ತಿರ ಇದೆಯಲ್ಲ. ಕಮಲವನ್ನು ಅಳಿಸಿದಳು. ರೊಟ್ಟಿಯ ಚಿತ್ರ ತೆಗೆದು, ಕೊನೆಗೆ ಉಬ್ಬಿದ ರೊಟ್ಟಿಯ ಕೆಳಗೆ ‘ಹುಚ್ಚವ್ವ’ ಎಂದು ಅದೇ ಕರಿ ಗೆರೆಯಲ್ಲಿ ಬರೆದು, ಸಿ.ಡಿ.ಗೆ ಹಾಕಿದಳು.

ಸಾಬರು ಜೀಪು ತಂದರು. “ಆತೇನ ಬೇಟಿ? ಕಣ್ಣ ತೆರದಾವಿಲ್ಲೊ?”

“ನೋಡಿದವ್ರ ಕಣ್ಣ ತೆರೀತಾವ್ರಿ ಸಾಬ್ರ,” ಎಂದಳು. ದಾರಿಯುದ್ದಕ್ಕೂ ಸಿ.ಡಿ.ಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ತನ್ನ ಊರು ಆಲಮೇಲ ದಾಟುವಾಗ ಇಳಿದು ಮನೆಗೆ ಓಡಿಹೋಗಬೇಕು ಅನ್ನಿಸಿತು.

ದೇವಣಗಾಂವದಲ್ಲಿ ಪೆಂಡಾಲು ತುಂಬಿತ್ತು. ಪೂಜೆ ಮುಗಿದು ಟಿವಿ ಹಚ್ಚಿದರು. ಕಮಲಕ್ಕೆ ಕಾದಿದ್ದ ಇಂದುಬಾಯಿ ಕತ್ತು ಚಾಚಿದಳು. ಬಿಳಿ ಪರದೆಯ ಮೇಲೆ ಎರಡು ಕೈ ಬಂದವು. ಪಟ್ ಪಟ್, ಪಟ್ ಪಟ್.

ಅಳುತ್ತಿದ್ದ ಕೂಸು ಕೂಡ ಪರದೆಯ ಕಡೆ ಕೈ ಚಾಚಿತು. ಮುದುಕನೊಬ್ಬ ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಹೆಂಗಸರ ಸಾಲಿನಲ್ಲಿ ಯಾರೋ “ಯವ್ವಾ” ಎಂದು ಉಸಿರೆಳೆದರು. ರೊಟ್ಟಿ ಉಬ್ಬುವ ಹೊತ್ತಿಗೆ ಖಂಡೆಪ್ಪ, ಊರ ಪಂಚಾಯ್ತಿಯಲ್ಲಿ ಗುಡುಗುವ ಖಂಡೆಪ್ಪ, ಟವೆಲು ಬಾಯಿಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದ.

ಜೀಪಿನ ಪಕ್ಕ ನಿಂತಿದ್ದ ಪ್ರಜ್ಞಾಳ ಕಣ್ಣೂ ತುಂಬಿ ಬಂದವು. ತನ್ನ ಗೆರೆ ಇಷ್ಟು ಜನರ ಎದೆ ಮುಟ್ಟಿತ್ತು. ಇನ್ನು ಯಾವ ಹೆಸರನ್ನೂ ಡಿಕ್ಕಿ ಹೊಡೆಸಬೇಕಾಗಿಲ್ಲ ಅಂದುಕೊಂಡಳು.

“ಮತ್ತೊಮ್ಮಿ ಹಾಕ್ರಿ,” ಎಂದ ನೆರೆಮನೆಯ ಹಿರಿಯ ಗುರುಲಿಂಗಪ್ಪ. ಹಾಕಿದರು. ಎರಡನೆಯ ಸಲ ಮುಗಿದಾಗ ಅವನು ತಲೆ ಕೆರೆದುಕೊಂಡ.

“ಅಲ್ಲೋ ಖಂಡೆಪ್ಪ, ನಿಮ್ಮವ್ವ ರೊಟ್ಟಿ ಬಡದದ್ದು ಯಾವಾಗೋ?”

ಖಂಡೆಪ್ಪನ ಅಳು ಅರ್ಧಕ್ಕೆ ನಿಂತಿತು.

“ಹೊಲದ ಬದುವಿನ ಮ್ಯಾಲ ಕುಂತು ಹತ್ತು ಆಳಿನ ಕೆಲಸಾ ತಗೀತಿದ್ಲು. ಎತ್ತಿನ ಹಲ್ಲ ನೋಡಿ ವಯಸ್ಸ ಹೇಳ್ತಿದ್ಲು. ಒಲಿ ಮುಂದ ಕುಂತದ್ದು ನಾ ಕಂಡಿಲ್ಲ. ಒಮ್ಮಿ ಬಡದಿದ್ಲು, ಖರೆ. ಆ ರೊಟ್ಟಿ ಎತ್ತಿಗೆ ಹಾಕಿದ್ರ ಎತ್ತೂ ಮೂಸಿ ನೋಡಿ ಮಾರಿ ತಿರಿವಿತ್ತು.”

“ಖರೆ ಐತಿ,” ಎಂದಳು ಇಂದುಬಾಯಿ ಮೆಲ್ಲಗೆ. “ಮೊದಲ ನಮ್ಮಜ್ಜಿ ಬಡೀತಿದ್ಲು. ಅಕಿ ಹೋದಿಂದ ನಮ್ಮ ವೈನಿ.”

“ಮತ್ತ ಇಷ್ಟೊತ್ತನ ನೀ ಯಾರನ್ನ ನೆನಸಿ ಅತ್ತೀಪಾ?” ಎಂದ ಗುರುಲಿಂಗಪ್ಪ.

ಖಂಡೆಪ್ಪ ತಿರುಗಿ ನೋಡಿದ. ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ಅವನ ಹೆಂಡತಿ ಜಯಮಾಲಾ ನಿಂತಿದ್ದಳು. ಬೆಳಗಿನಿಂದ ಬೀಗರಿಗೆಲ್ಲ ರೊಟ್ಟಿ ಬಡಿದ ಅವಳ ಕೈ ಮೊಣಕೈತನಕ ಹಿಟ್ಟಾಗಿತ್ತು.

“ಶಿವಶಿವಾ! ಮುತ್ತೈದಿ ಬದಕಿರೋವಾಗ ವರ್ಷದ ಪೂಜಿ ಮಾಡಿದ್ರಲ್ಲೋ!” ಎಂದು ಯಾರೋ ಕೂಗಿದರು. ಪೆಂಡಾಲು ಜೇನುಗೂಡಿನಂತೆ ಎದ್ದಿತು. ಅಪಶಕುನ ಎಂದು ಇಂದುಬಾಯಿ ಅತ್ತಿಗೆಯ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತಂದಳು. ಗುರಣ್ಣ ಟಿವಿಯ ಮೇಲೆ ಟವೆಲು ಹೊದಿಸಿದ. ಖಂಡೆಪ್ಪನಿಗೆ ಅತ್ತದ್ದರ ನಾಚಿಕೆಯೆಲ್ಲ ಸಿಟ್ಟಾಗಿ ತಿರುಗಿತು.

“ಸಾಬ್ರ, ನಾವು ಕೇಳಿದ್ದೇನು, ನೀವು ತಂದದ್ದೇನು? ನಾಳಿ ನಮ್ಮವ್ವನ ಕಣ್ಣ ತೆರಸಿ, ಕಮಲದಾಗ ಕುಂದರಿಸಿ, ಕೈಲಾಸಕ್ಕ ಕಳಿಸಿ ತಗೊಂಡ ಬರ್ರಿ!”

ಪ್ರಜ್ಞಾ ತಲೆ ತಗ್ಗಿಸಿ ನಿಂತಳು. ನೋವಾದದ್ದು ಬೈಗುಳಕ್ಕಲ್ಲ. ಹುಚ್ಚವ್ವ ಎಂಥವಳು ಎಂದು ಬೆಳಗಿನಿಂದ ತಾನು ಒಂದು ಮಾತು ಕೇಳಿರಲಿಲ್ಲವಲ್ಲ! ತನ್ನ ಮಾತು ಸಿಕ್ಕ ಸಂಭ್ರಮದಲ್ಲಿ ಅದನ್ನು ಸತ್ತವಳ ಬಾಯಿಗೆ ತುರುಕಿದ್ದಳು. ಸಾಬರು ಟಿವಿ ಹೊತ್ತು ಜೀಪಿನಲ್ಲಿಟ್ಟು, “ನಾಳಿ ಜಲ್ದಿ ಬಾ ಬೇಟಿ. ಕಮಲದ ಕೆಲಸ ಐತಿ,” ಎಂದಷ್ಟೇ ಹೇಳಿದರು.

ಜೀಪು ಹೊರಡುವಾಗ ಜಯಮಾಲಾ ಹಿತ್ತಲ ಕಡೆಯಿಂದ ಬಂದು ಅರಿವೆಯಲ್ಲಿ ಸುತ್ತಿದ ರೊಟ್ಟಿ ಪ್ರಜ್ಞಾಳ ಕೈಗೆ ಇಟ್ಟಳು.

“ಆ ಕೈ ನನ್ನವಲ್ಲಂತ ನನಗ ಗೊತ್ತೈತಿ ತಂಗಿ. ಆದ್ರ ಈ ಮನಿಗೆ ಬಂದಾಗಿಂದ ನಮ್ಮ ಮನ್ಯಾರು ನನ್ನ ಕೈ ಕಡಿ ನೋಡಿದ್ದು ಇವತ್ತ ಮೊದಲ,” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಅದನ್ನ ಅಳಸಬ್ಯಾಡ. ನಾ ಹೋದಾಗ ಹಾಕು. ಹೆಸರಷ್ಟ ನಂದು ಬರಿ.”

ಗುಲಾಬಿ ಬೇಡ, ಕಮಲ ಬೇಡ, ನಿನ್ನದೇ ಬೇಕು ಎಂದು ಬಾಯಿಬಿಟ್ಟು ಕೇಳಿದ ಗಿರಾಕಿ ಪ್ರಜ್ಞಾಳಿಗೆ ಸಿಕ್ಕದ್ದು ಇದೇ ಮೊದಲು. ಅವಳು ಜಯಮಾಲಾಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಗಟ್ಟಿ ಮೈ, ಒಂದೂ ನರೆಗೂದಲಿಲ್ಲ; ಈ ಗಿರಾಕಿಯ ಸರದಿ ಸದ್ಯಕ್ಕೆ ಬರುವಂತಿರಲಿಲ್ಲ.

“ಹಂಗನಬ್ಯಾಡ್ರಿ ಅಕ್ಕಾರ,” ಎಂದಳು. “ನೂರು ವರ್ಷ ಬಾಳ್ರಿ.”

“ಬಾಳ್ತೇನಿ ತಗೋ,” ಎಂದಳು ಜಯಮಾಲಾ. “ತವರಮನ್ಯಾಗ ನಮ್ಮವ್ವಗ ಈಗ ತೊಂಬತ್ತು. ಇನ್ನೂ ಹತ್ತಿ ಬಿಡಸಾಕ ಹೋಗ್ತಾಳ.”