ರೀಡಿಂಗ್ ಮೇಷ್ಟ್ರು ಇಂಜಿನ್ ಆಯಿಲ್ ಆರಿಸಿದ್ದು

“ಇನ್ನು ಮುಂದೆ ಈ ಕಾರಿಗೆ ಆಯಿಲ್ ಆರಿಸೋದೂ ನಾನೇ, ಹಾಕೋದೂ ನಾನೇ!”

ಭಾನುವಾರ ಬೆಳಿಗ್ಗೆ ರೀಡಿಂಗ್ ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಎಡಗೈ ಸೊಂಟದ ಮೇಲಿತ್ತು, ಬಲಗೈ ಕಾರಿನ ನೆತ್ತಿಯ ಮೇಲಿತ್ತು. ಹುಲಿ ಹೊಡೆದವರು ಫೋಟೋಕ್ಕೆ ನಿಲ್ಲುವ ಭಂಗಿ! ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯವನ್ನು ಹದಿನೆಂಟು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಅವರು, ಮೂರು ಸಲ ಅಳೆದು, ರೀಡಿಂಗ್ ಬರೆದು, ಸರಾಸರಿ ತೆಗೆಯದೆ ಏನನ್ನೂ ನಂಬುವವರಲ್ಲ. ಸ್ನಾನದ ನೀರಿಗೂ ಮೂರು ಬಾರಿ ಬೆರಳದ್ದಿದ ಮೇಲೆಯೇ ಚೊಂಬು ಮುಟ್ಟುವವರು. ಹಾಗಾಗಿ ವಿದ್ಯಾರ್ಥಿಗಳು ಇಟ್ಟ ‘ರೀಡಿಂಗ್ ಮೇಷ್ಟ್ರು’ ಎಂಬ ಹೆಸರೇ ಮನೆಯವರಿಗೂ ರೂಢಿಯಾಗಿತ್ತು.

ಘೋಷಣೆಯನ್ನು ಕೇಳಿದವರು ಮೂವರು. ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದ ತಾಯಿ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಂಡತಿ, ಮತ್ತು ಊರಿಗೆ ಹೊರಟು ನಿಂತಿದ್ದ ಮಾವ. ಮಗಳಿಗೆ ಆ ಕಾರು ಕೊಟ್ಟವರು ಅವರೇ.

“ಬಹಳ ಸಂತೋಷ ಅಳಿಯಂದಿರೇ,” ಎಂದರು ಮಾವ. “ಒಳಗಿರೋ ಆಯಿಲ್ ಡಾಂಬರಿನ ಹಾಗಾಗಿದೆ. ಎರಡು ವಾರ ಬಿಟ್ಟು ಬರ್ತೀನಿ. ಅಷ್ಟರಲ್ಲಿ ಬದಲಾಗಿದ್ರೆ ಕಾರು ನಿಮ್ಮದು. ಇಲ್ಲದಿದ್ರೆ ಬಸ್ಸಲ್ಲಿ ಬಂದವನು ಕಾರಲ್ಲಿ ವಾಪಸ್ ಹೋಗ್ತೀನಿ.”

ನಗುತ್ತಲೇ ಹೇಳಿದ ಮಾತು. ಆದರೆ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದವರಿಗೆ ಇಂಜಿನ್ನಿನ ವಿಷಯದಲ್ಲಿ ಮಗಳು, ಅಳಿಯ ಎಂಬ ಮುಲಾಜಿಲ್ಲ. ಕಾರು ಹೋದರೆ ಕಷ್ಟ ತಾಯಿಗೆ. ವಾರಕ್ಕೆರಡು ಸಲ ಮಂಡಿಯ ಚಿಕಿತ್ಸೆಗೆ ಆಸ್ಪತ್ರೆಗೆ ಹೋಗಬೇಕು. ಬಸ್ಸಿನ ಮೊದಲ ಮೆಟ್ಟಿಲು ಅವರ ಪಾಲಿಗೆ ಮೆಟ್ಟಿಲಲ್ಲ, ಗೋಡೆ!

ಸೋಮವಾರ ಮೇಷ್ಟ್ರು ಬಿಡಿಭಾಗಗಳ ಅಂಗಡಿಗೆ ದಂಡೆತ್ತಿ ಹೋದರು.

“ಬ್ಲೆಂಡ್ ಬೇಕಾ ಸಾರ್, ಫುಲ್ ಸಿಂಥೆಟಿಕ್ ಬೇಕಾ?” ಎಂದ ಅಂಗಡಿಯವನು.

“ಏನು ವ್ಯತ್ಯಾಸ?”

“ಬ್ಲೆಂಡ್ ಅಂದ್ರೆ ನೆಲದಿಂದ ತೆಗೆದ ಆಯಿಲ್‌ಗೆ ಲ್ಯಾಬಲ್ಲಿ ಮಾಡಿದ್ದನ್ನ ಬೆರೆಸಿರ್ತಾರೆ. ಫುಲ್ ಅಂದ್ರೆ ಪೂರ್ತಿ ಲ್ಯಾಬಲ್ಲೇ ಮಾಡಿದ್ದು.”

“ಯಾವುದು ಸರಿ?”

“ಎರಡೂ ಸರೀನೇ ಸಾರ್.”

“ಒಂದು ಪ್ರಶ್ನೆಗೆ ಎರಡು ಸರಿ ಉತ್ತರ ಹೇಗಿರುತ್ತೆ?”

ಅಂಗಡಿಯವನು ಈ ಪ್ರಶ್ನೆಗೆ ಒಂದು ಉತ್ತರವನ್ನೂ ಕೊಡದೆ ಮುಂದಿನ ಗಿರಾಕಿಯತ್ತ ತಿರುಗಿದ. ಮೇಷ್ಟ್ರು ಎರಡು ಡಬ್ಬಗಳನ್ನೂ ಎರಡು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದರು.

“ಎರಡು ಯಾಕ್ರೀ? ಕಾರಿಗೆ ಎರಡು ಹೊಟ್ಟೆ ಇದೆಯಾ?” ಎಂದಳು ಹೆಂಡತಿ.

“ಪ್ರಯೋಗ ಮಾಡಿ ಒಂದನ್ನ ಆರಿಸ್ತೀನಿ. ಕಣ್ಣು ಮುಚ್ಚಿ ಕೈ ಹಾಕೋ ಮನುಷ್ಯ ನಾನಲ್ಲ.”

ಅಂಚೆ ಕಚೇರಿಯಲ್ಲಿ ದಿನಕ್ಕೆ ಸಾವಿರ ಕಾಗದಗಳನ್ನು, ಒಂದರ ಮೇಲೂ ಎರಡನೇ ಸಲ ಕಣ್ಣು ಹಾಯಿಸದೆ ಆಯಾ ಗೂಡಿಗೆ ಎಸೆಯುವ ಕೈ ಅವಳದು. ಆ ಕೈ ಕೆನ್ನೆಗೆ ಬಂತು, ಅಷ್ಟೇ.

ಮೊದಲ ಪ್ರಯೋಗ ಅಡುಗೆಮನೆಯ ಕಿಟಕಿಯಲ್ಲಿ ನಡೆಯಿತು. ಅತಿಥಿಗಳಿಗೆಂದು ಎತ್ತಿಟ್ಟ ಎರಡು ಉದ್ದ ಗಾಜಿನ ಲೋಟಗಳು. ಒಂದರಲ್ಲಿ ಬ್ಲೆಂಡ್, ಇನ್ನೊಂದರಲ್ಲಿ ಫುಲ್. ಸಂಜೆಯ ಬಿಸಿಲು ಎರಡನ್ನೂ ಹಾದು ಬಂದಾಗ ಗೋಡೆಯ ಮೇಲೆ ಎರಡು ಹೊನ್ನಿನ ಬಾಗಿಲು ತೆರೆದಂತಿತ್ತು. ಒಂದು ಕ್ಷಣ ಹೆಂಡತಿಯೂ ಸೌಟು ಹಿಡಿದು ನಿಂತು ನೋಡಿದಳು. ಆಮೇಲೆ ಮೇಷ್ಟ್ರು ಎರಡಕ್ಕೂ ಒಂದೊಂದು ಗೋಲಿ ಹಾಕಿ, ಅದು ತಳ ಮುಟ್ಟುವವರೆಗೆ ಕೈಗಡಿಯಾರ ನೋಡಿದರು. ಮೊದಲ ಸಲ ಬ್ಲೆಂಡಿನ ಗೋಲಿ ಮುಂದು, ಎರಡನೇ ಸಲ ಫುಲ್ಲಿನದು. ಮೂರನೇ ಸಲ ತಾಯಿ “ಹಾಲು ಉಕ್ತಾ ಇದೆ ಕಣೋ!” ಎಂದು ಕೂಗಿದರು. ರೀಡಿಂಗೂ ಹೋಯಿತು, ಹಾಲೂ ಹೋಯಿತು.

ಎರಡನೆಯದು ಚಳಿಯ ಪ್ರಯೋಗ. ಎರಡು ಬಟ್ಟಲು ಫ್ರೀಜರ್ ಸೇರಿದವು. ಯಾರೂ ತಪ್ಪು ತಿಳಿಯದಿರಲೆಂದು ಮೇಷ್ಟ್ರು ಅವುಗಳ ಮೇಲೆ “ಇದು ಜೇನಲ್ಲ” ಎಂದು ಚೀಟಿ ಅಂಟಿಸಿದರು.

“ಜೇನಲ್ಲ ಅನ್ನೋದು ಗೊತ್ತಾಯ್ತು. ಏನು ಅಂತ ಬರೀಬಾರದಾ?” ಎಂದರು ತಾಯಿ.

“ಇನ್ನೂ ತೀರ್ಮಾನ ಆಗಿಲ್ಲಮ್ಮ!”

ಒಂದು ವಾರ ಕಳೆಯಿತು. ಐಸಿಗೆ ಗ್ಯಾರೇಜಿನ ವಾಸನೆ ಹತ್ತಿತೇ ಹೊರತು ಫಲಿತಾಂಶ ಹತ್ತಿರ ಬರಲಿಲ್ಲ. ಆಗ ಮೇಷ್ಟ್ರಿಗೆ ಜ್ಞಾನೋದಯವಾಯಿತು. ಆಯಿಲ್ ಇರುವುದು ಸವೆತ ತಡೆಯಲು. ಸವೆಯುವ ಜಾಗದಲ್ಲಿ ಅದನ್ನು ಪರೀಕ್ಷಿಸಬೇಕೇ ಹೊರತು ಲೋಟದಲ್ಲಲ್ಲ! ಮನೆಯಲ್ಲಿ ಸವೆಯುವುದೇನು? ಬಾಗಿಲಿನ ಕೀಲುಗಳು! ಮನೆಯ ಎಡಭಾಗದ ಕೀಲುಗಳಿಗೆಲ್ಲ ಬ್ಲೆಂಡ್, ಬಲಭಾಗದವಕ್ಕೆಲ್ಲ ಫುಲ್. ಗೇಟು, ಹಿತ್ತಲ ಬಾಗಿಲು, ಕಪಾಟು, ಕೊನೆಗೆ ಹೊಲಿಗೆಯಂತ್ರದ ತುಳಿಪಟ್ಟಿಯನ್ನೂ ಬಿಡಲಿಲ್ಲ.

ಮರುದಿನ ಮನೆ ಮೂಕವಾಯಿತು.

ಇದು ಎಂಥ ಅನಾಹುತವೆಂದು ತಿಳಿಯಲು ತಾಯಿಯ ವಿಷಯ ಹೇಳಬೇಕು. ಮಂಡಿ ಹಿಡಿದುಕೊಂಡಂದಿನಿಂದ ಆ ಮನೆಯನ್ನು ಅವರು ಆಳುತ್ತಿದ್ದುದು ಕಿವಿಯಿಂದ. ‘ಕಿರ್ರ್’ ಎಂದರೆ ಗೇಟು, ಯಾರೋ ಬಂದರು. ‘ಕೀಂಯ್’ ಎಂದರೆ ಕಪಾಟು, ಮಗ ಸಕ್ಕರೆ ಡಬ್ಬಕ್ಕೆ ಕೈ ಹಾಕಿದ. ಕುಳಿತಲ್ಲಿಂದಲೇ “ಮುಚ್ಚಳ ಮುಚ್ಚೋ!” ಎಂದರೆ ಸಾಮ್ರಾಜ್ಯ ಸುಭದ್ರ. ಈಗ ಎಲ್ಲರೂ ಎಲ್ಲೆಂದರಲ್ಲಿ ದೆವ್ವಗಳಂತೆ ಪ್ರತ್ಯಕ್ಷರಾಗತೊಡಗಿದರು. ಸೊಸೆ ಪಕ್ಕದಲ್ಲಿ ಬಂದು ನಿಂತರೆ ತಾಯಿ ಚೀರುವರು. ಆ ಚೀರಾಟಕ್ಕೆ ಸೊಸೆ ಚೀರುವಳು. ಇಬ್ಬರೂ ಚೀರಿದ್ದೇಕೆಂದು ನೋಡಲು ಓಡಿದ ಮೇಷ್ಟ್ರು ಆಯತಪ್ಪಿ ಸ್ನಾನದ ಮನೆಯ ಬಾಗಿಲಿಗೆ ಒರಗಿದರೆ, ಅದು ಬೆಣ್ಣೆಯಂತೆ ಹಿಂದೆ ಸರಿದು ಅವರನ್ನು ತುಂಬಿದ ಬಕೆಟ್ಟಿನಲ್ಲಿ ಕೂರಿಸಿತು!

ಹೊಲಿಗೆಯಂತ್ರದ ಕಥೆ ಬೇರೆ. ದಿಂಬಿನ ಚೀಲ ಹೊಲಿಯಲು ತಾಯಿ ಪಟ್ಟಿಯ ಮೇಲೆ ಕಾಲಿಟ್ಟದ್ದಷ್ಟೇ. ಯಂತ್ರ ಲಗಾಮು ಹರಿದ ಕುದುರೆಯಂತೆ ಹೊರಟಿತು. ನಿಂತಾಗ ದಿಂಬಿನ ಚೀಲ, ಮೇಷ್ಟ್ರ ಅಂಗಿಯ ತೋಳು, ಅಂದಿನ ಪತ್ರಿಕೆಯ ಕ್ರೀಡಾಪುಟ ಮೂರೂ ಒಂದೇ ಕುಟುಂಬವಾಗಿದ್ದವು.

“ಈ ಪಟ್ಟಿಗೆ ಯಾವುದು ಹಾಕಿದ್ದೆಯೋ?” ಎಂದರು ತಾಯಿ ಏದುಸಿರು ಬಿಡುತ್ತ.

“ಬ್ಲೆಂಡ್ ಅಮ್ಮ.” ಮೇಷ್ಟ್ರು ಸಂಭ್ರಮದಿಂದ ರೀಡಿಂಗ್ ಬರೆಯುವ ಪುಸ್ತಕ ತೆರೆದರು. “ನಿಮಿಷಕ್ಕೆ ಎಷ್ಟು ಹೊಲಿಗೆ ಬಿತ್ತು? ಇನ್ನೆರಡು ಸಲ ತುಳಿದ್ರೆ ಸರಾಸರಿ ಸಿಗುತ್ತೆ!”

ತಾಯಿ ಕತ್ತರಿ ಎತ್ತಿಕೊಂಡದ್ದು ಬಟ್ಟೆ ಬಿಡಿಸಲಿಕ್ಕೆಂದೇ ಮೇಷ್ಟ್ರು ನಂಬಿ ಅಲ್ಲಿಂದ ಸರಿದರು.

ಶನಿವಾರ ಹೆಂಡತಿ ಕೇಳಿದಳು. “ನಾಳೆ ಅಪ್ಪ ಬರ್ತಾರೆ. ಗೊತ್ತಲ್ಲ?”

“ಗೊತ್ತು. ಬರೀ ಒಂದು ರೀಡಿಂಗ್ ಬಾಕಿ.”

“ಅತ್ತೆಗೆ ಮಂಗಳವಾರ ಆಸ್ಪತ್ರೆ. ಅದೂ ಗೊತ್ತಲ್ಲ?”

ಮೇಷ್ಟ್ರು ತಾಯಿಯ ಕಡೆ ನೋಡಿದರು. ತಾಯಿ ಕಿಟಕಿಯಾಚೆ ನಿಂತ ಕಾರನ್ನು ನೋಡುತ್ತ ಮಂಡಿ ನೀವಿಕೊಳ್ಳುತ್ತಿದ್ದರು. ಮೇಷ್ಟ್ರು ತಕ್ಷಣ ಪೆನ್ನು ತೆಗೆದರು. ನಾಳೆ ಎಂಟು ಗಂಟೆಯೊಳಗೆ ತೀರ್ಮಾನ, ಒಂಬತ್ತಕ್ಕೆ ಆಯಿಲ್, ಹತ್ತಕ್ಕೆ ಮಾವ ಎಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು.

ಭಾನುವಾರ ಏಳೂವರೆಗೆ ಅವರು ನಡುಮನೆಯಲ್ಲಿ ಬೋರಲು ಮಲಗಿದ್ದರು. ಎದುರಿಗೆ ಓರೆಯಾಗಿ ನಿಲ್ಲಿಸಿದ ತಟ್ಟೆ. ಅದರ ಮೇಲಿಂದ ಎರಡು ಹನಿಗಳು ಅಕ್ಕಪಕ್ಕದಲ್ಲಿ ಇಳಿಯುತ್ತಿದ್ದವು.

“ಯಾರು ಗೆಲ್ತಾ ಇದ್ದಾರೆ?” ಎಂದಿತು ಬೆನ್ನ ಹಿಂದಿನಿಂದ ಒಂದು ಧ್ವನಿ.

“ಶ್! ಬ್ಲೆಂಡ್ ಕೂದಲೆಳೆಯಷ್ಟು ಮುಂದಿದೆ…” ಎಂದವರು ತಿರುಗಿ ನೋಡಿದರೆ ಮಾವ! ಎರಡೂವರೆ ಗಂಟೆ ಮುಂಚೆ! ಗೇಟು ಸದ್ದು ಮಾಡಿರಲಿಲ್ಲ, ಬಾಗಿಲು ಸದ್ದು ಮಾಡಿರಲಿಲ್ಲ.

“ಮೊದಲ ಬಸ್ಸಿಗೆ ಬಂದುಬಿಟ್ಟೆ,” ಎಂದು ಮಾವ ಮೊಳೆಗೆ ತೂಗುಹಾಕಿದ್ದ ಕಾರಿನ ಕೀಲಿ ತೆಗೆದುಕೊಂಡು ನೇರ ಕಾರಿನ ಬಳಿಗೆ ನಡೆದರು. ಹಿಂದೆ ಮೇಷ್ಟ್ರು, ಅವರ ಹಿಂದೆ ಹೆಂಡತಿ, ಗೋಡೆ ಹಿಡಿದುಕೊಂಡು ತಾಯಿ. ಮಾವ ಬಾನೆಟ್ ಎತ್ತಿದರು.

ಕಿರ್ರ್ರ್ರ್!

ಇಡೀ ಮನೆಯಲ್ಲಿ ಸದ್ದು ಮಾಡುವ ಕೀಲೊಂದು ಉಳಿದಿತ್ತೆಂದರೆ ಅದು ಕಾರಿನ ಬಾನೆಟ್ಟಿನದು. ಹದಿನಾಲ್ಕು ದಿನಗಳಲ್ಲಿ ಮೇಷ್ಟ್ರು ಅದನ್ನೊಮ್ಮೆಯೂ ತೆರೆದಿರಲಿಲ್ಲ!

ಮಾವ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ಬೆಳಕಿಗೆ ಹಿಡಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

“ಭೇಷ್!”

ಕಣ್ಣು ತೆರೆದರೆ ಕಡ್ಡಿಯ ತುದಿಯಲ್ಲಿ ಹೊಚ್ಚಹೊಸ ಆಯಿಲ್ ಹೊಂಬಣ್ಣದಲ್ಲಿ ಮಿನುಗುತ್ತಿತ್ತು. ಡಾಂಬರು ಎಲ್ಲಿ ಹೋಯಿತು? ಮೇಷ್ಟ್ರ ಹದಿನೆಂಟು ವರ್ಷದ ಅನುಭವದಲ್ಲಿ ಪ್ರಯೋಗ ಮಾಡದೆ ಬಂದ ಮೊದಲ ಫಲಿತಾಂಶ ಅದು.

“ಸುಮ್ಮನೆ ಹೆದರಿಸಿದೆ ನೋಡಿ ನಿಮ್ಮನ್ನ,” ಮಾವ ಬೆನ್ನು ತಟ್ಟಿದರು. “ಕಾರು ನಿಮ್ಮದೇ. ಅದಿರಲಿ, ಯಾವುದು ಹಾಕಿದ್ರಿ? ಬ್ಲೆಂಡಾ? ಫುಲ್ಲಾ?”

ಮೇಷ್ಟ್ರು ಹೆಂಡತಿಯನ್ನು ನೋಡಿದರು. ಹೆಂಡತಿ ಆಕಾಶ ನೋಡಿದಳು. ಎರಡು ವಾರದಲ್ಲಿ ಆಗದ ತೀರ್ಮಾನ ಎರಡು ಸೆಕೆಂಡಿನಲ್ಲಿ ಆಗಬೇಕಿತ್ತು. ಅಳೆಯಲು ಗೋಲಿಯಿಲ್ಲ, ತಟ್ಟೆಯಿಲ್ಲ, ಸರಾಸರಿಯಿಲ್ಲ! ಬಾಯಿ ಮೊದಲು ‘ಬ್ಲೆಂ’ ಎಂದು ತೆರೆಯಿತು, ಮುಚ್ಚಿತು, ‘ಫು’ ಎಂದು ಉಬ್ಬಿತು. ಕೊನೆಗೆ ಎದೆಯುಬ್ಬಿಸಿ, “ಫುಲ್ ಸಿಂಥೆಟಿಕ್ ಮಾವ! ನಮ್ಮ ಕಾರಿಗೆ ಅರ್ಧಂಬರ್ಧ ಯಾಕೆ?” ಎಂದರು.

“ಬ್ಲೆಂಡ್ ಅಪ್ಪ,” ಎಂದಳು ಹೆಂಡತಿ ಮೆಲ್ಲಗೆ. “ಬುಧವಾರ ಊಟದ ಬಿಡುವಲ್ಲಿ ಗ್ಯಾರೇಜಿಗೆ ಬಿಟ್ಟಿದ್ದೆ. ಅವರು ಕಾರಿನ ಪುಸ್ತಕ ತೆಗೆದು ನೋಡಿ, ಇದಕ್ಕೆ ಬ್ಲೆಂಡ್ ಸಾಕು ಅಂದ್ರು. ಹಾಕಿ ಅಂದೆ. ಅರ್ಧ ಗಂಟೆ ಕೆಲಸ.”

“ನಂಗೆ ಹೇಳಬಾರದಿತ್ತಾ?” ಎಂದರು ಮೇಷ್ಟ್ರು ಕ್ಷೀಣವಾಗಿ.

“ಹೇಳೋಣ ಅಂತಲೇ ಬಂದೆ. ನೀವು ಬಕೆಟ್ಟಲ್ಲಿದ್ರಿ.”

ತಾಯಿ ಮೊದಲು ನಕ್ಕರು. ಹದಿನಾಲ್ಕು ದಿನಗಳ ಭಯವೆಲ್ಲ ಆ ನಗೆಯಲ್ಲಿ ಕರಗಿ ಕಣ್ಣಲ್ಲಿ ನೀರಾಗಿ ಬಂತು. ಮಾವ ಬಾನೆಟ್ ಮುಚ್ಚಿ ಕೀಲಿಯನ್ನು ಮಗಳ ಕೈಗಿತ್ತರು. “ನಡಿಯಮ್ಮ, ಒಂದು ಸುತ್ತು ಹೋಗಿ ಬರೋಣ. ಬೀಗಿತ್ತಿಯವರು ಮುಂದೆ ಕೂರಲಿ, ಕಾಲು ಚಾಚ್ಕೋಬಹುದು.”

ಹೆಂಡತಿ ಇಂಜಿನ್ ಶುರು ಮಾಡಿದಳು. ಮೇಷ್ಟ್ರು ಕಾರಿನ ಹಿಂದೆ ನಿಂತು ಒಮ್ಮೆ ಈ ಬದಿಯ ಬಾಗಿಲನ್ನೂ ಒಮ್ಮೆ ಆ ಬದಿಯ ಬಾಗಿಲನ್ನೂ ನೋಡಿದರು.

“ಅಳಿಯಂದಿರೇ!” ಮಾವ ಗಾಬರಿಯಿಂದ ಕೂಗಿದರು. “ಎಡಗಡೆನೋ ಬಲಗಡೆನೋ ಅಂತ ಶುರು ಮಾಡ್ಬೇಡಿ, ಕೈ ಮುಗೀತೀನಿ. ನಡುವೆ ಕೂತ್ಕೊಳ್ಳಿ!”