ಅರ್ಧ ತಾಸಿನ ಪಾಳಿಯಲ್ಲಿ ವರನ ದರ್ಶನ

ನಮ್ಮ ಯೂನಿವರ್ಸಿಟಿ ಲೈಬ್ರರಿಗೆ ಕಂಪ್ಯೂಟರ್ ಬಂದಾಗ ನಾನು ಅಲ್ಲಿ ಸಂಶೋಧನಾ ವಿದ್ಯಾರ್ಥಿ. ಕಲಬುರಗಿ ಆಗ ಇನ್ನೂ ಎಲ್ಲರ ಬಾಯಲ್ಲಿ ಗುಲಬರ್ಗಾ. ಕಂಪ್ಯೂಟರ್ ಕೋಣೆ ಎಂದರೆ ಗರ್ಭಗುಡಿ. ಚಪ್ಪಲಿ ಹೊರಗೆ ಬಿಡಬೇಕು, ಮೆಲ್ಲಗೆ ಮಾತಾಡಬೇಕು. ಒಳಗೆ ತಣ್ಣನೆಯ ಎ.ಸಿ. ಬೇಸಿಗೆ ಬಂತೆಂದರೆ ನಮ್ಮ ಹುಡುಗರಿಗೆ ಹುಟ್ಟುತ್ತಿದ್ದ ಜ್ಞಾನದಾಹವನ್ನು ನಾನು ಇವತ್ತಿಗೂ ಮರೆತಿಲ್ಲ!

ಇಂಟರ್‌ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ. ಒಬ್ಬೊಬ್ಬರಿಗೆ ಅರ್ಧ ತಾಸಿನ ಪಾಳಿ. ಆ ಪಾಳಿ ನೋಡಿಕೊಳ್ಳುವ ಘನ ಜವಾಬ್ದಾರಿ ನನ್ನ ಹೆಗಲಿಗೆ ಬಿದ್ದಿತ್ತು. ನಾನು ನ್ಯಾಯಾಧೀಶನ ಗತ್ತಿನಿಂದ ಕೂರುತ್ತಿದ್ದೆ. ಸಸ್ಯಶಾಸ್ತ್ರದ ನಾಗವೇಣಿಯನ್ನು ಒಮ್ಮೆ ಈ-ಮೇಲ್ ಮುಗಿಸುವ ಮೊದಲೇ ಎಬ್ಬಿಸಿದೆ.

"ಸರ್, 'ಯುವರ್ಸ್ ಫೇತ್‌ಫುಲಿ' ತನಕ ಬಂದೀನ್ರಿ. ಹೆಸರರೆ ಹಾಕ್ತೀನಿ, ತಡೀರಿ!"

"ನಿಯಮ ಅಂದ್ರ ನಿಯಮ ರೀ."

ಪತ್ರ ಹೆಸರಿಲ್ಲದೆ ಹೋಯಿತು.

ಹೀಗಿರುವಾಗ ನನ್ನ ತಂಗಿ ಮಹಾದೇವಿಗೆ ಪುಣೆಯಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಾದೇವಿ ಖಡಾಖಂಡಿತ ಹೇಳಿದಳು: "ಮಾರಿ ನೋಡ್ಲಾರದ ನಾ ಯಾರ ಮುಂದೂ ಚಾ ತಗೊಂಡು ಬರಂಗಿಲ್ಲ." ಸೋಮವಾರ ಸಂಜೆ ಹುಡುಗನ ಕಡೆಯವರು ಫೋನ್ ಮಾಡುವವರಿದ್ದರು. ಅವರು ನಮ್ಮೂರು ಕಮಲಾಪುರಕ್ಕೆ ಬರಬೇಕೋ ಬೇಡವೋ ಆಗಲೇ ತಿಳಿಸಬೇಕು. ಅಂಚೆಯಲ್ಲಿ ಫೋಟೋ ತರಿಸುವಷ್ಟು ಪುರಸೊತ್ತಿಲ್ಲ.

"ಅಂಚಿ ಯಾಕ ಬೇಕವ್ವಾ? ಈ-ಮೇಲ್‌ನ್ಯಾಗ ತರಸ್ತೀನಿ. ಎರಡು ನಿಮಿಷದಾಗ ಹುಡುಗ ನಿನ್ನ ಕಣ್ಣ ಮುಂದ!" ಎಂದೆ.

ಸೋಮವಾರ ಅವ್ವ ಮತ್ತು ಮಾದೇವಿ ಬಸ್ಸಿನಲ್ಲಿ ಬಂದಿಳಿದರು. ಅವ್ವ ಇಳಕಲ್ ಸೀರೆ ಉಟ್ಟು, ಬುಟ್ಟಿಯಲ್ಲಿ ನಮ್ಮೂರ ಕೆಂಪು ಬಾಳೆಹಣ್ಣು ತಂದಿದ್ದಳು. "ಹೆಣ್ಣಿನ ಕಡ್ಯಾವ್ರು ಬರಿಗೈಲೆ ಹೋಗಬಾರದಪ್ಪಾ." ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಕಂಪ್ಯೂಟರಿಗೆ ಕೈಮುಗಿದಳು.

ನನ್ನ ಪಾಳಿ ಶುರುವಾಯಿತು. ಈ-ಮೇಲ್ ತೆರೆದೆ. ಫೋಟೋ ಬಂದಿತ್ತು! ಠೀವಿಯಿಂದ ಒತ್ತಿದೆ.

ಆ ಕಾಲದ ಇಂಟರ್‌ನೆಟ್‌ನಲ್ಲಿ ಫೋಟೋ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲು ನೀಲಿ ಬಣ್ಣ ಬಂತು. ಮತ್ತೆ ನೀಲಿ. ಇನ್ನೂ ನೀಲಿ.

"ಬಸೂ, ಇದೇನೋ?"

"ಆಕಾಶ ಅವ್ವಾ."

"ಹುಡುಗ ಎಲ್ಲಿ?"

"ಇಳೀಲಾಕತ್ತಾನ."

ಆಕಾಶ ಮುಗಿದು ಹಸಿರು ಕಂಡಿತು. ಮಾದೇವಿ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು. ಅಷ್ಟರಲ್ಲಿ ಬೆನ್ನ ಹಿಂದೆ ಒಂದು ಧ್ವನಿ: "ಅರ್ಧ ತಾಸು ಆತ್ರಿ ಸರ್. ಏಳ್ರಿ."

ನಾಗವೇಣಿ! ಮುಂದಿನ ಪಾಳಿ ಅವಳದೇ.

"ನೋಡ್ರಿ, ಇದು ಸ್ವಲ್ಪ ಕೌಟುಂಬಿಕ..."

"ನಿಯಮ ಅಂದ್ರ ನಿಯಮ ರೀ."

ಎದ್ದೆ. ಏಳದೆ ಗತಿಯಿರಲಿಲ್ಲ. ಅವ್ವ ಮಾತ್ರ ಮೆಲ್ಲಗೆ ಅವಳ ಕೈ ಹಿಡಿದಳು. "ತಂಗೀ, ವರನ ಮಾರಿ ಇನ್ನಾ ಬಂದಿಲ್ಲವ್ವಾ. ಸಂಜಿಕ ಹೂಂ, ಉಹೂಂ ಹೇಳಬೇಕು."

ನಾಗವೇಣಿ ಪರದೆ ನೋಡಿದಳು, ಮಾದೇವಿಯನ್ನು ನೋಡಿದಳು. "ನನ್ನ ಪಾಳಿ ಈ ಅಕ್ಕಗ ಕೊಟ್ಟೀನಿ. ನಿಮಗಲ್ಲ ಸರ್!" ಎಂದು ಕುರ್ಚಿ ಎಳೆದುಕೊಂಡು ಮಾದೇವಿಯ ಪಕ್ಕ ಕೂತಳು. ಪರದೆಯ ಹಸಿರನ್ನು ದಿಟ್ಟಿಸಿ, "ಗುಲ್‌ಮೊಹರ್ ಅದ ಅವ್ವಾರ" ಎಂದಳು.

"ಹುಡುಗನ ಹೆಸರೇನವ್ವಾ ಅದು?"

"ಅಲ್ರೀ, ಗಿಡದ್ದು!"

ಕೋಣೆಯಲ್ಲಿ ಪಾಳಿ ಕಾಯುತ್ತಿದ್ದವರೆಲ್ಲ ಹತ್ತಿರ ಬಂದರು. ಟೊಂಗೆ ಮುಗಿದು, ಕೆಳಗೆ ದುಂಡಗೆ ಕಪ್ಪಗೆ ಏನೋ ಕಾಣತೊಡಗಿತು. "ತಲಿ! ತಲಿ ಬಂತು!" ಎಂದರು. ಆಗ ನಾನು ತಜ್ಞನಲ್ಲವೇ? ಲಗೂ ಬರಲೆಂದು ಕೈ ಚಾಚಿ ಒಂದು ಗುಂಡಿ ಒತ್ತಿದೆ.

ಪರದೆ ಬಿಳಿಯಾಯಿತು. ಮೇಲಿನಿಂದ ಮತ್ತೆ ನೀಲಿ ಇಳಿಯತೊಡಗಿತು!

ಅವತ್ತು ನೋಡಿದಂತೆ ಅಷ್ಟು ಜನ ಒಟ್ಟಿಗೆ ನನ್ನನ್ನು ಮತ್ತೆಂದೂ ನೋಡಿಲ್ಲ. ನಾಗವೇಣಿ ನನ್ನನ್ನು ಬಾಗಿಲ ಬಳಿಯ ಸ್ಟೂಲಿಗೆ ವರ್ಗಾಯಿಸಿದಳು. ಅವಳ ಹಿಂದಿದ್ದವರು ಒಬ್ಬೊಬ್ಬರಾಗಿ, "ನಂದೂ ತಗೋರಿ ಅವ್ವಾರ" ಎಂದು ಪಾಳಿ ಬಿಟ್ಟುಕೊಟ್ಟರು. ಅವ್ವ ಬಾಳೆಹಣ್ಣು ಹಂಚಿದಳು. ತಿನ್ನಬಾರದ ಕೋಣೆಯಲ್ಲಿ ಎಲ್ಲರೂ ತಿಂದರು. ಪಾಳಿಯ ನ್ಯಾಯಾಧೀಶನೂ ತಿಂದ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಫೋಟೋ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಆದರೆ ಗುರುತಿಲ್ಲದ ಒಬ್ಬ ಹುಡುಗಿಗಾಗಿ ಒಂದು ಕೋಣೆಯೇ ಉಸಿರು ಹಿಡಿದು ಕೂತದ್ದನ್ನು ನಾನು ಮತ್ತೆ ಕಂಡಿಲ್ಲ.

ಕೊನೆಗೂ ಹುಡುಗ ಇಳಿದ. ಮೋಟಾರ್ ಸೈಕಲ್ ಮೇಲೆ ಕೂತಿದ್ದ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕರಿ ಕನ್ನಡಕ. ಕಂಡದ್ದು ಮೂಗಿನ ತುದಿ ಮಾತ್ರ!

ಎಲ್ಲರೂ ಮಾದೇವಿಯ ಕಡೆ ತಿರುಗಿದರು. ಅವಳು ಬಹಳ ಹೊತ್ತು ನೋಡಿ ಹೇಳಿದಳು: "ಹೆಲ್ಮೆಟ್ ಹಾಕೊಂಡಾನ ಅಂದ್ರ ಜೀವದ ಮ್ಯಾಗ ಆಸಿ ಅದ. ಬರ್ಲಿ."

ಕೋಣೆ ಚಪ್ಪಾಳೆ ತಟ್ಟಿತು.

ಮುಂದಿನ ವಾರ ಹುಡುಗ ಕಮಲಾಪುರಕ್ಕೆ ಬಂದ. ಮುಖ ಲಕ್ಷಣವಾಗಿತ್ತು. ಮಾದೇವಿ ಚಹಾ ತಂದಳು, ಇಬ್ಬರೂ ಒಪ್ಪಿದರು. ಎಲ್ಲ ಸುಸೂತ್ರ ಮುಗಿದಿತ್ತು. ನಾನು ಸುಮ್ಮನಿರಬೇಕಿತ್ತು.

"ಅಲ್ರೀ, ಹೆಣ್ಣಿನ ಕಡ್ಯಾವ್ರಿಗಿ ಅಂಥಾ ಫೋಟೋ ಕಳಸ್ತಾರೇನ್ರಿ?" ಎಂದು ಜಬರಿನಿಂದ ಕೇಳಿದೆ.

ಹುಡುಗ ಸಂಕೋಚದಿಂದ ಅಂದ: "ಅದು ಸುಮ್ನ ಗಾಡಿ ತೋರಸಲಾಕ ಕಳಸಿದ್ದು ರೀ. ಅದರ ಕೆಳಗ ಇನ್ನೊಂದು ಇತ್ತಲ್ರಿ, ಬರೀ ಮಾರಿದು? ಭಾಳ ಸಣ್ಣ ಫೋಟೋ, ಒತ್ತಿದ್ರ ಝಟ್ಟನ ಬರ್ತಿತ್ತು. ನೀವು ಕೆಳಗ ನೋಡ್ಲಿಲ್ಲೇನ್ರಿ?"

ಅವ್ವ ಅಷ್ಟರಲ್ಲಿ ನನ್ನ ತಟ್ಟೆಗೆ ಉಂಡಿ ಹಾಕಲು ಬಗ್ಗಿದ್ದಳು. ಹಾಗೇ ಕೈ ಮುಂದೆ ಸರಿಸಿ ಅದನ್ನು ಅಳಿಯನಾಗುವವನ ತಟ್ಟೆಗೆ ಹಾಕಿದಳು.

"ನೀ ತಿನ್ನಪ್ಪಾ. ಈ ಮನ್ಯಾಗ ಒಬ್ಬರಿಗರೆ ಕಂಪ್ಯೂಟರ್ ತಿಳೀಬೇಕು."