ಮಾವನ ಕಾರು, ಕಂಪನಿಯ ವಕೀಲ

ನಮ್ಮ ಸೋದರಮಾವನಿಗೆ ರಸ್ತೆಯ ಮೇಲೆ ಯಾವುದರ ಭಯವೂ ಇರಲಿಲ್ಲ. ಎದುರಿಗೆ ಲಾರಿ ಬರಲಿ, ಎತ್ತಿನ ಬಂಡಿ ಅಡ್ಡ ನಿಲ್ಲಲಿ, ಹಳ್ಳದಲ್ಲಿ ಮೊಣಕಾಲುದ್ದ ನೀರು ಹರಿಯುತ್ತಿರಲಿ, ಹಾರನ್ನು ಒತ್ತಿಕೊಂಡು ಹೋಗಿಯೇ ಬಿಡುವರು. ಅವರಿಗೆ ಭಯವಿದ್ದದ್ದು ಕೋರ್ಟಿನದು ಮಾತ್ರ. ಇಂಥ ಮನುಷ್ಯ ಕಾರು ಓಡಿಸಬಹುದೇ ಎಂದು ನೀವು ಕೇಳಿದರೆ, ಓಡಿಸಬಾರದಿತ್ತು ಎಂದೇ ನಾನೂ ಹೇಳುತ್ತೇನೆ. ಆ ಕಾರಿನ ಕೆಳಗೆ ಒಬ್ಬ ಮನುಷ್ಯ ಸತ್ತ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲವಾದರೆ ನಡುವೆ ಎಲ್ಲಾದರೂ ನಕ್ಕು, ಆಮೇಲೆ ನನ್ನನ್ನು ಬೈಯುತ್ತೀರಿ.

ಕೋರ್ಟಿನ ಭಯ ಅವರಿಗೆ ಸುಮ್ಮನೆ ಬಂದದ್ದಲ್ಲ. ಆದವಾನಿಯ ಹತ್ತಿ ಮಂಡಿಯಲ್ಲಿ ಅವರು ದಲಾಲರು. ಹಿಂದೊಮ್ಮೆ ಯಾರದೋ ಗೋಡೆಯ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು ಹೋಗಿದ್ದರಂತೆ. ಎದುರು ಪಕ್ಷದ ವಕೀಲರು ಆ ಕಡೆಯಿಂದ ಈ ಕಡೆಯಿಂದ ಕೇಳಿ ಕೇಳಿ, ಕೊನೆಗೆ ಮಾವ ತಮ್ಮ ಹೆಸರನ್ನೇ ಖಚಿತವಾಗಿ ಹೇಳಲಾರದೆ ಕಟಕಟೆಯಿಂದ ಇಳಿದು ಬಂದರು. ಗೋಡೆ ಯಾರದ್ದೆಂದು ತೀರ್ಮಾನವಾಯಿತೋ ಇಲ್ಲವೋ ನಾನು ಕಾಣೆ. ಮಾವ ಮಾತ್ರ ಅಂದಿನಿಂದ ಕೋರ್ಟಿನ ಬೀದಿ ಬಿಟ್ಟು ಸುತ್ತು ಹಾಕಿ ಮಂಡಿಗೆ ಹೋಗತೊಡಗಿದರು.

ಆದವಾನಿಯನ್ನು ಬಳ್ಳಾರಿಯಿಂದ ಬಿಡಿಸಿ ಕರ್ನೂಲಿಗೆ ಸೇರಿಸಿದ ಹೊಸತರಲ್ಲಿ ಅವರು ಹಳೆಯ ಕಾರೊಂದನ್ನು ಕೊಂಡರು. ನಾನು ಆಗ ಅವರ ಮನೆಯಲ್ಲೇ ಇದ್ದು ಮಂಡಿಯ ಲೆಕ್ಕ ಬರೆಯುತ್ತಿದ್ದೆ. ದಿನಚರಿ ಬರೆಯುವ ಚಟ ನನಗಿದೆ. ಕಾರು ಬಂದ ದಿನದ ಪುಟದಲ್ಲಿ ಕಾರಿನ ಬಣ್ಣದ ಬಗ್ಗೆ ಒಂದು ಸಾಲಿದೆ, ವಿಮೆಯ ಏಜೆಂಟರ ಬಗ್ಗೆ ಒಂದೂವರೆ ಪುಟವಿದೆ. ಅದಕ್ಕೆ ಕಾರಣರು ಮಾವನೇ.

ಏಜೆಂಟರು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವ ಮನುಷ್ಯ. ಕಡ್ಡಾಯದ ವಿಮೆಯನ್ನು ಮೊದಲು ವಿವರಿಸಿದರು. ನಮ್ಮ ಕಾರಿನಿಂದ ದಾರಿಹೋಕರಿಗೆ ಏನಾದರೂ ಆದರೆ, ಅವರಿಗೋ ಅವರ ಮನೆಯವರಿಗೋ ಕಂಪನಿ ಪರಿಹಾರ ಕೊಡುತ್ತದೆ. ಇದನ್ನು ಮಾಡಿಸದೆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಮಾವ ಆಕಳಿಸಿದರು.

“ಇನ್ನೊಂದು ಐತಂಡಿ ಸಾವುಕಾರ್‌ಗಾರು,” ಎಂದರು ಏಜೆಂಟರು. “ಇದು ಮೀ ಇಷ್ಟಂ. ಬೇಕಾದ್ರೆ ತಗೊಳ್ಳಿ, ಬ್ಯಾಡಾದ್ರೆ ಬಿಡಿ. ಕಂತು ಸ್ವಲ್ಪ ಹೆಚ್ಚಾಗ್ತದೆ. ಅಪಘಾತ ಆಗಿ ಮೀ ಮೇಲೆ ಕೇಸು ಬಿತ್ತು ಅನ್ನಿ, ಕೋರ್ಟಿಗೆ ಕಂಪನಿ ವಕೀಲ್ರೇ ಬರ್ತಾರೆ.”

ಮಾವನ ಆಕಳಿಕೆ ಅರ್ಧಕ್ಕೇ ನಿಂತಿತು.

“ನನ್ನ ಪರವಾಗಿ ಆತನೇ ಮಾತಾಡ್ತಾನೇನು?”

“ಅಂತಾ, ಎಲ್ಲಾ ಆಯನೇ ಮಾತಾಡ್ತಾರಂಡಿ.”

“ನನ್ನ ಹೆಸರು ಕೇಳಿದ್ರ?”

“ಅದೂ ಆಯನೇ ಹೇಳ್ತಾರೆ.”

ಅಲ್ಲಿಗೆ ಮುಗಿಯಿತು. ಮಾವ ಅದೇ ಕ್ಷಣ ಸಹಿ ಹಾಕಲು ಕೈ ಚಾಚಿದರು. ಒಳಗಿನಿಂದ ಅತ್ತೆ ಕೇಳಿದರು: “ಗುದ್ದಿದಾತಗ ವಕೀಲ ಬರ್ತಾನ, ಸರಿ. ಗುದ್ದಿಸಿಕೊಂಡಾತಗ ಯಾರು ಬರ್ತಾರ?” ಏಜೆಂಟರು ಪೆನ್ನಿನ ಮುಚ್ಚಳ ಹುಡುಕತೊಡಗಿದರು.

ಸಹಿ ಹಾಕಿದ ಮೇಲೆ ಮಾವ ಓದಲು ಕುಳಿತರು. ನಾನು ಇಂಗ್ಲಿಷಿನಲ್ಲಿ ಓದಿ ಅರ್ಥ ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಹರಿಕಥೆಯನ್ನೂ ಅವರು ಅಷ್ಟು ಭಕ್ತಿಯಿಂದ ಕೇಳಿದವರಲ್ಲ. ಷರತ್ತುಗಳ ನಡುವೆ ಒಂದು ಹೀಗಿತ್ತು: ಅಪಘಾತವಾದಾಗ ವಿಮೆದಾರನು ಕಂಪನಿಯ ಒಪ್ಪಿಗೆಯಿಲ್ಲದೆ ಯಾರ ಮುಂದೆಯೂ ತಪ್ಪನ್ನು ಒಪ್ಪಿಕೊಳ್ಳತಕ್ಕದ್ದಲ್ಲ. ಒಪ್ಪಿಕೊಂಡರೆ ಕಂಪನಿಯ ವಕೀಲರು ಕೇಸಿನಿಂದ ಹಿಂದೆ ಸರಿಯಬಹುದು.

ಮಾವ ಕಣ್ಣು ತೆರೆದರು. “ಅಂದ್ರ ‘ತಪ್ಪಾತು’ ಅನ್ನಂಗಿಲ್ಲ?”

“ಅನ್ನುವಂತಿಲ್ಲ.”

“ಬಾಯಿ ತಪ್ಪಿ ಬಂದ್ರ?”

ಬಾಯಿ ತಪ್ಪಿ ಬರಬಾರದೆಂದು ಅಂದಿನಿಂದ ಅಭ್ಯಾಸ ಶುರುವಾಯಿತು. ಆ ಮಾತನ್ನು ಮನೆಯಿಂದಲೇ ಗಡೀಪಾರು ಮಾಡಿದರು! ಮಂಡಿಯಲ್ಲಿ ಯಾರದೋ ಕಾಲು ತುಳಿದರೆ, “ನಿಮ್ಮ ಕಾಲಿನ ಮ್ಯಾಲೆ ನನ್ನ ಕಾಲು ಐತಿ,” ಎನ್ನುವರು. ಕಾಲು ತುಳಿಸಿಕೊಂಡವನು ಅದಕ್ಕೆ ಏನು ಉತ್ತರ ಕೊಡಬೇಕು?

ಒಂದು ದಿನ ಊಟಕ್ಕೆ ಕುಳಿತಾಗ ಅತ್ತೆ, “ಸಾರಿಗಿ ಉಪ್ಪು ಜಾಸ್ತಿ ಹಾಕೀನಿ, ತಪ್ಪಾತು,” ಎಂದರು.

“ಹಂಗನ್ನಬ್ಯಾಡ. ಉಪ್ಪು ಜಾಸ್ತಿ ಆಗೇತಿ ಅನ್ನು. ಯಾರು ಹಾಕಿದ್ದು ಅಂತ ಯಾಕ ಹೇಳ್ತೀದಿ?”

“ಉಪ್ಪು ತಾನೇ ನಡಕೊಂಡು ಬಂದು ಗಡಿಗ್ಯಾಗ ಬಿತ್ತೇನು?”

“ಅದನ್ನ ಅವರು ರುಜುವಾತು ಮಾಡ್ಲಿ.”

ಅವರು ಎಂದರೆ ಯಾರು? ಉಂಡವರು ನಾವು ಮೂವರೇ.

ಮಂತ್ರಾಲಯಕ್ಕೆ ಹೋದಾಗಲೂ ಇದೇ ಕಥೆ. ಬೃಂದಾವನದ ಮುಂದೆ ಜನವೆಲ್ಲ ಗಲ್ಲ ಬಡಿದುಕೊಂಡು ‘ತಪ್ಪಾಯಿತು ಸ್ವಾಮಿ’ ಎನ್ನುತ್ತಿದ್ದರೆ, ಮಾವ ಕೈ ಮುಗಿದು ತುಟಿ ಬಿಗಿದು ನಿಂತಿದ್ದರು. ಅತ್ತೆ ಮೊಣಕೈಯಿಂದ ತಿವಿದರು. ಮಾವ ಮೆಲ್ಲಗೆ, “ಆತಗ ಎಲ್ಲಾ ಗೊತ್ತೈತಿ. ನಾನ್ಯಾಕ ಬಾಯಿಬಿಟ್ಟು ಹೇಳ್ಲಿ?” ಎಂದರು. ಅತ್ತೆ ಇಬ್ಬರ ಪಾಲಿನದನ್ನೂ ತಾವೇ ಬಡಿದುಕೊಂಡರು. ಹಿಂದಿರುಗುವಾಗ ಅವರ ಗಲ್ಲ ಕೆಂಪಗಿತ್ತು.

ನಗುವುದಿದ್ದರೆ ಇಲ್ಲಿಯವರೆಗೆ ನಗಬಹುದು.

ಸುಗ್ಗಿಯ ದಿನಗಳಲ್ಲಿ ಒಂದು ಬೆಳಿಗ್ಗೆ ಕೌತಾಳಂ ಕಡೆಗೆ ಹತ್ತಿ ನೋಡಲು ಹೊರಟಿದ್ದೆವು. ರಸ್ತೆ ಖಾಲಿಯಿತ್ತು. ಎರಡೂ ಕಡೆ ಕಪ್ಪು ಹೊಲ, ಮರವಿಲ್ಲ, ತಿರುವಿಲ್ಲ. ಮಾವ ಒಂದೇ ಕೈಯಲ್ಲಿ ಸ್ಟೇರಿಂಗು ಹಿಡಿದು ಇನ್ನೊಂದು ಕೈಯಿಂದ ನನಗೆ ವಿಮೆಯನ್ನೇ ವಿವರಿಸುತ್ತಿದ್ದರು. “ನೋಡಲೇ ಅಳಿಯ, ಕಡ್ಡಾಯದ್ದು ಅವರ ಕಡಿಗೆ, ಮ್ಯಾಲಿಂದು ನಮ್ಮ ಕಡಿಗೆ. ತಿಳೀತಾ?” ತಿಳಿಯಿತೋ ಇಲ್ಲವೋ ಎಂದು ನೋಡಲು ನನ್ನ ಮುಖದ ಕಡೆಗೆ ತಿರುಗಿದರು.

ಕುರಿಹಿಂಡು ರಸ್ತೆ ದಾಟಿಯಾಗಿತ್ತು. ಹಿಂದೆ ಉಳಿದ ಒಂದು ಮರಿಯನ್ನು ಎತ್ತಿಕೊಳ್ಳಲು ಮುದುಕನೊಬ್ಬ ನಡುರಸ್ತೆಗೆ ಮರಳಿ ಬಂದಿದ್ದ. ನಾನು ಕೂಗಿದೆ. ಮಾವ ಬ್ರೇಕು ಒತ್ತಿದರು. ಮರಿಗೆ ಏನೂ ಆಗಲಿಲ್ಲ. ಮುದುಕನ ತಲೆಯನ್ನು ಮಾವ ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ನಾನು ನೀರು ತಂದೆ. ಅವನು ಕುಡಿಯಲಿಲ್ಲ.

ಪೊಲೀಸರು ಬಂದರು, ಕಾರನ್ನು ಒಯ್ದರು, ಮಾವನಿಗೆ ಜಾಮೀನಾಯಿತು. ಮುದುಕನ ಹೆಣ ಕೊಯ್ದು ಅವನ ಊರಿಗೆ ಕಳಿಸಿದ್ದು ಮರುದಿನ. ಅಂದು ಬೆಳಿಗ್ಗೆ ಮಾವ ಮಣ್ಣಿಗೆ ಹೊರಡಲು ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತರೆ, ಏಜೆಂಟರು ಬಾಗಿಲಿಗೆ ಅಡ್ಡ ನಿಂತಿದ್ದರು.

“ಹೋಗಬ್ಯಾಡಂಡಿ. ಅಲ್ಲಿ ದುಃಖದಾಗೆ ಏನಾದ್ರೂ ಅಂದುಬಿಡ್ತೀರಿ. ಆ ಮುದುಕನಿಗೆ ಕಿವಿ ಮಂದ ಇತ್ತಂತೆ. ವಕೀಲ್ರು ಅದರ ಮೇಲೇ ಕೇಸು ಗೆಲ್ತಾರೆ.”

“ನಾನು ಏನೂ ಅನ್ನಾದಿಲ್ಲ. ಮಣ್ಣು ಹಾಕಿ ಬರ್ತೀನಿ.”

ಏಜೆಂಟರೂ ಜೊತೆಗೆ ಬಂದರು. ಮೂವರೂ ಬಸ್ಸು ಹತ್ತಿದೆವು.

ಆ ಊರಿನಲ್ಲಿ ಒಂದು ರೂಢಿ ಇರುವುದು ನಮಗೆ ಗೊತ್ತಿರಲಿಲ್ಲ. ವಯಸ್ಸಾಗಿ ಸತ್ತವರಿಗೆ ಅದು ಬೇಕಿಲ್ಲ. ಆದರೆ ಅಕಾಲದಲ್ಲಿ ಸತ್ತರೆ, ಯಾರಿಂದ ಸಾವಾಯಿತೋ ಅವರು ಗುಂಡಿಯ ಮುಂದೆ ನಿಂತು ‘ನನ್ನಿಂದ ಆತು’ ಎಂದು ಹೇಳಬೇಕು. ಹೇಳುವತನಕ ಮಣ್ಣು ಎಳೆಯುವುದಿಲ್ಲ. ಹಾವು ಕಚ್ಚಿ ಸತ್ತರೆ ಹಾವಿನ ಪರವಾಗಿ ಊರ ಹಿರಿಯನೊಬ್ಬ ಹೇಳುತ್ತಾನೆ. ಸಿಡಿಲು ಹೊಡೆದರೆ ಸಿಡಿಲಿನ ಪರವಾಗಿ ಹೇಳುತ್ತಾನೆ. ಇದನ್ನೆಲ್ಲ ಆ ಹಿರಿಯನೇ ನಮಗೆ ತಿಳಿಸಿ, ಕೋಲು ಊರಿಕೊಂಡು ಮಾವನ ಮುಖ ನೋಡುತ್ತ ನಿಂತ. ಕಂಬಳಿಯಲ್ಲಿ ಸುತ್ತಿದ ಹೆಣ ಗುಂಡಿಯೊಳಗಿತ್ತು. ಜನವೆಲ್ಲ ಕಾಯುತ್ತಿತ್ತು. ಮಾವನ ತುಟಿ ಬಿಗಿದಿತ್ತು.

ಏಜೆಂಟರಿಗೆ ದಾರಿಯೊಂದು ಕಂಡಿತು. “ಹಿರಿಯರೇ, ಹಾವಿನ ಪರವಾಗಿ ಹೇಳ್ತೀರಲ್ಲ, ಹಂಗೇ ಇವರ ಪರವಾಗೂ ನೀವೇ ಒಂದು ಮಾತು ಹೇಳಿಬಿಡಿ. ಶಾಸ್ತ್ರ ಮುಗೀತದೆ.”

ಹಿರಿಯ ಗಡ್ಡ ಕೆರೆದುಕೊಂಡ. ಆಗಬಹುದೋ ಏನೋ ಎಂದು ಯೋಚಿಸಿದಂತಿತ್ತು. ಮುದುಕನ ಹೆಂಡತಿ ಗುಂಡಿಯ ಅಂಚಿನಲ್ಲಿ ಕುಳಿತಿದ್ದಳು. ಅಲ್ಲಿಯವರೆಗೆ ಆಕೆ ತಲೆ ಎತ್ತಿರಲಿಲ್ಲ.

“ಹಾವಿಗಿ ಬಾಯಿಲ್ಲ,” ಎಂದಳು. “ಆಯಪ್ಪಗ ಐತಲ್ಲ.”

ಮಾವ ಚಪ್ಪಲಿ ಬಿಟ್ಟು ಮುಂದೆ ಹೋದರು. ಏಜೆಂಟರು ಅವರ ಟವೆಲ್ಲಿನ ತುದಿ ಹಿಡಿದು ಎಳೆದರು. ಟವೆಲ್ಲು ಏಜೆಂಟರ ಕೈಯಲ್ಲೇ ಉಳಿಯಿತು.

“ನನ್ನಿಂದ ಆತವ್ವ,” ಎಂದರು ಮಾವ. “ಆತನ ಕಿವಿ ಮಂದ ಇರಬಹುದು, ಅದರಿಂದ ಆಗಿದ್ದಲ್ಲ. ನಾನು ರಸ್ತಿ ನೋಡ್ತಿದ್ದಿಲ್ಲ.”

ಆಮೇಲೆ ಅವರೇ ಮೊದಲ ಹಿಡಿ ಮಣ್ಣು ಹಾಕಿದರು.

ಕಂಪನಿಯ ವಕೀಲರು ಆ ವಾರವೇ ಹಿಂದೆ ಸರಿದರು. ಊರಿಗೆ ಊರೇ ಕೇಳಿದ ಮಾತನ್ನು ಮುಚ್ಚಿಡುವುದು ಹೇಗೆ? ಆದರೆ ಏಜೆಂಟರು ಒಂದು ಮಾತು ಸ್ಪಷ್ಟ ಮಾಡಿದರು. ಹೋದದ್ದು ಮಾವನ ವಕೀಲ ಮಾತ್ರ. ಮುದುಕಿಗೆ ಸಲ್ಲಬೇಕಾದ ಪರಿಹಾರ ಕಡ್ಡಾಯದ ಬಾಬತ್ತು. ಮಾವ ಏನೇ ಅಂದಿದ್ದರೂ ಅದನ್ನು ತಪ್ಪಿಸಲು ಬರುವುದಿಲ್ಲ. ಅರ್ಜಿ ಹಾಕಿಕೊಂಡು ಓಡಾಡಬೇಕು, ಅಷ್ಟೆ. ಅದನ್ನು ಕೇಳಿ ಮಾವ ಅಪಘಾತವಾದ ಮೇಲೆ ಮೊದಲ ಸಲ ಹೊಟ್ಟೆತುಂಬ ಉಂಡರು. ಬೇರೆ ವಕೀಲರನ್ನು ಇಡಿ ಎಂದು ಅತ್ತೆ ಅತ್ತರು. “ಆತ ಬಂದು ಕಿವಿ ಮಂದ ಅಂತಾನ. ಬ್ಯಾಡ,” ಎಂದರು ಮಾವ.

ಕೇಸು ಶುರುವಾಯಿತು, ಎಂದರೆ ವಾಯಿದೆಗಳು ಶುರುವಾದವು. ಒಮ್ಮೆ ಮ್ಯಾಜಿಸ್ಟ್ರೇಟರು ರಜೆ, ಒಮ್ಮೆ ಪೊಲೀಸರ ಕಾಗದ ಬಂದಿಲ್ಲ. ಗುಂಡಿಯ ಮುಂದೆ ಮಾವ ಅಂದದ್ದನ್ನು ಕೇಳಿದವಳೆಂದು ಮುದುಕಿಗೂ ಸಾಕ್ಷಿಯ ಸಮನ್ಸು. ಮೊದಲ ಸಲ ಆಕೆ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬೇವಿನ ಮರದ ಕೆಳಗೆ ದಿನವಿಡೀ ಕುಳಿತು, ಹೆಸರು ಕೂಗಿಸಿಕೊಳ್ಳದೆಯೇ ಹಿಂದಿರುಗಿದಳು. ಮಾವ ಅದನ್ನು ನೋಡಿದರು. ಅಷ್ಟರಲ್ಲಿ ಪೊಲೀಸರು ಕಾರನ್ನು ಬಿಟ್ಟಿದ್ದರು. ಮಾವ ಅದರ ಸ್ಟೇರಿಂಗು ಮತ್ತೆ ಮುಟ್ಟಲಿಲ್ಲ. ನನಗೆ ಕಲಿಸಿದರು. ಮುಂದಿನ ವಾಯಿದೆಯಿಂದ ನಾನು ಓಡಿಸುವುದು, ಮಾವ ನನ್ನ ಪಕ್ಕದಲ್ಲಿ, ಮುದುಕಿ ಹಿಂದಿನ ಸೀಟಿನಲ್ಲಿ! ಆರೋಪಿಯು ತನ್ನ ವಿರುದ್ಧದ ಸಾಕ್ಷಿಯನ್ನು ಅದೇ ಕಾರಿನಲ್ಲಿ ಕೋರ್ಟಿಗೆ ತಂದು ಇಳಿಸುವುದನ್ನು ಆದವಾನಿಯ ವಕೀಲರು ಹೊರಗೆ ಬಂದು ನಿಂತು ನೋಡುತ್ತಿದ್ದರು.

ಪೊಲೀಸು ಜಮಾದಾರನಿಗೆ ಅನುಮಾನ. ಮುದುಕಿಯನ್ನು ಪಕ್ಕಕ್ಕೆ ಕರೆದು, “ದಾರ್ಯಾಗ ಏನೇನು ಹೇಳಿಕೊಡ್ತಾನಬೇ ನಿನಗ?” ಎಂದು ಗದರಿದ.

“ಕಿಟಕಿ ಗಾಜು ಹೆಂಗ ಇಳಸಾದು ಹೇಳಿಕೊಟ್ಟಾನ,” ಎಂದಳು ಆಕೆ.

ನಿಜವಾಗಿಯೂ ಅಷ್ಟೇ. ಸಾಕ್ಷಿಯ ಜೊತೆ ಮಾತಾಡಬಾರದೆಂದು ಯಾರೋ ಹೇಳಿದ್ದರಿಂದ ಮಾವ ದಾರಿಯುದ್ದಕ್ಕೂ ಮುಂದೆ ನೋಡಿಕೊಂಡೇ ಕೂಡುತ್ತಿದ್ದರು. ಆಕೆಯೂ ಸೀಟಿನ ಅಂಚಿಗೆ ಕುಳಿತು ಮುಖ ಹೊರಗಿಟ್ಟುಕೊಂಡು ಸುಮ್ಮನಿರುತ್ತಿದ್ದಳು.

ಕೊನೆಗೊಂದು ದಿನ ಮ್ಯಾಜಿಸ್ಟ್ರೇಟರೂ ಕಾಗದಗಳೂ ಒಟ್ಟಿಗೆ ಕೂಡಿಬಂದವು. ಮಾವನ ಹೆಸರು ಕೇಳಿದರು. ಮಾವ ತಡವರಿಸದೆ ಹೇಳಿದರು, ತಂದೆಯ ಹೆಸರನ್ನೂ ಸೇರಿಸಿ. ಆರೋಪ ಓದಿದರು. ಒಪ್ಪುತ್ತೀರಾ ಎಂದು ಕೇಳಿದರು. “ಒಪ್ಪೀನ್ರಿ.” ಸಾಕ್ಷಿಯನ್ನು ಕರೆಯುವ ಪ್ರಮೇಯವೇ ಬರಲಿಲ್ಲ. ಮೂರು ತಿಂಗಳ ಶಿಕ್ಷೆಯಾಯಿತು.

ಜಮಾದಾರ ಮಾವನನ್ನು ಕರೆದುಕೊಂಡು ಹೋದ. ಮಾವ ನನಗೆ ಹೇಳಿದ್ದು ಒಂದೇ ಮಾತು: “ಹೊತ್ತು ಮುಳುಗಾದ್ರಾಗ ಆಕಿನ್ನ ಊರು ಮುಟ್ಟಿಸು.”

ನಾನು ಕಾರಿನ ಹತ್ತಿರ ಬಂದೆ. ಮುದುಕಿ ಹಿಂದಿನ ಬಾಗಿಲಿನ ಬಳಿ ನಿಂತಿದ್ದಳು. ನಾನು ಅದನ್ನು ತೆರೆದೆ. ಆಕೆ ಹತ್ತಲಿಲ್ಲ. ಸುತ್ತಿ ಬಂದು, ಮುಂದಿನ ಬಾಗಿಲನ್ನು ತಾನೇ ತೆರೆದು, ಮಾವ ಕೂಡುವ ಜಾಗದಲ್ಲಿ ಕುಳಿತು ಸೆರಗು ಸರಿಮಾಡಿಕೊಂಡಳು.

“ಹಿಂದ ಕುಂತ್ರ ಹೊಟ್ಟಿ ತೊಳಸ್ತೈತಪ್ಪ ನನಗ,” ಎಂದಳು. “ಮುಂದ ಆಯಪ್ಪ ಕುಂದ್ರತಿದ್ದ, ಎಬ್ಬಸಾದು ಹೆಂಗ ಅಂತ ಸುಮ್ಕಿದ್ದೆ.”

ನಾನು ಕಾರು ಶುರು ಮಾಡಿದೆ. ಊರು ದಾಟಿದಾಗ ಆಕೆ ಕಿಟಕಿಯ ಗಾಜು ಇಳಿಸಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು: “ಅರ್ಜಿ ಸಲುವಾಗಿ ನಾನು ಇನ್ನಾ ಬರಬೇಕಲ್ಲ. ಆಯಪ್ಪ ಬರಾತನಕ ಇಲ್ಲೇ ಕುಂದ್ರತೀನಿ. ಬಂದ ಮ್ಯಾಲ ಆತನ ಜಾಗ ಆತಗ ಬಿಡ್ತೀನಿ.”